ಓದುಗರ ಪ್ರಶ್ನೆ, ನಮ್ಮ ಉತ್ತರ: ಪೊಲೀಸ್ ಬಿಲ್ಲೆ ಸರ್ಕಾರದ್ದು, ಪದಕ ಪಡೆದವರದು

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಪೊಲೀಸ್ ಇಲಾಖೆಯ ಬಿಲ್ಲೆ, ಪದಕ, ಪ್ರಶಂಸನಾ ಪತ್ರಗಳಿಗೆ ಸಂಬಂಧಿಸಿದವನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಮೊದಲನೆಯ ಪತ್ರ ಈ ಭಾಗದ ಇತಿಹಾಸವನ್ನೇ ಮುಟ್ಟುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ಮುತ್ಯಾ ನಿಜಾಮರ ಕಾಲದಲ್ಲಿ ಗುಲಬರ್ಗಾದಲ್ಲಿ ಪೊಲೀಸ್ ಜವಾನರಾಗಿ ಸೇರಿ, ಮೈಸೂರು ರಾಜ್ಯದ ಕಾಲದಲ್ಲಿ ಜಮಾದಾರರಾಗಿ ನಿವೃತ್ತರಾದರು. ಅವರ ಟ್ರಂಕಿನಲ್ಲಿ ಉರ್ದು ಅಕ್ಷರ, ಅಂಕಿಗಳಿರುವ ಒಂದು ಹಿತ್ತಾಳೆ ಬಿಲ್ಲೆಯೂ ನೀಲಿ ಮತ್ತು ಕೆಂಪು ಪಟ್ಟಿಯಲ್ಲಿ ತೂಗುವ ಒಂದು ಕಂಚಿನ ಪದಕವೂ ಸಿಕ್ಕಿವೆ. ಪದಕದ ಮೇಲೆ ಸಿಂಹಗಳ ಲಾಂಛನವಿದೆ. ಇವು ಯಾವ ಕಾಲದವು? ಸರ್ಕಾರಕ್ಕೆ ಹಿಂತಿರುಗಿಸಬೇಕೇ? ತಿಕ್ಕಿ ಹೊಳಪು ಮಾಡಿಸಬಹುದೇ? (ಬ್ರಹ್ಮಪುರ, ಕಲಬುರಗಿ)

ಉತ್ತರ: ಒಂದೇ ಟ್ರಂಕಿನಲ್ಲಿ ಸಿಕ್ಕಿದ್ದರೂ ಈ ಎರಡು ವಸ್ತುಗಳ ಸ್ವರೂಪ ಪೂರ್ತಿ ಬೇರೆ. ಬಿಲ್ಲೆ ಹುದ್ದೆಯ ಗುರುತು. ಅದು ಸರ್ಕಾರದ ಸೊತ್ತು, ಕೆಲಸ ಬಿಟ್ಟ ದಿನ ಸಮವಸ್ತ್ರ, ಬೆಲ್ಟು, ಆಯುಧಗಳ ಜೊತೆಗೆ ಅದನ್ನೂ ಒಪ್ಪಿಸಬೇಕು ಎಂಬುದು ಬ್ರಿಟಿಷರ 1861ರ ಪೊಲೀಸ್ ಕಾಯ್ದೆಯಿಂದ ಇಂದಿನವರೆಗೂ ನಡೆದು ಬಂದಿರುವ ನಿಯಮ. ಪದಕ ಹಾಗಲ್ಲ. ಅದು ಆ ವ್ಯಕ್ತಿಯ ಕೆಲಸಕ್ಕೆ ಸಂದ ಗೌರವ. ನಿವೃತ್ತಿಯ ನಂತರವೂ ಅವರದೇ, ಅವರು ತೀರಿಕೊಂಡ ಮೇಲೆ ಮನೆಯವರದು. ಹೀಗಾಗಿಯೇ ಹಳೆಯ ಪೊಲೀಸ್ ಕುಟುಂಬಗಳಲ್ಲಿ ಪದಕ ಉಳಿದಿರುವುದುಂಟು, ಬಿಲ್ಲೆ ಉಳಿದಿರುವುದು ಅಪರೂಪ. ನಿಮ್ಮ ಮುತ್ಯಾ ಅವರ ಬಿಲ್ಲೆ ಮನೆಯಲ್ಲೇ ಉಳಿದಿದ್ದಕ್ಕೆ ಬಹುಶಃ ಈ ಭಾಗದ ಇತಿಹಾಸವೇ ಕಾರಣ, ಏಕೆಂದರೆ ಅದನ್ನು ಕೊಟ್ಟ ಸರ್ಕಾರ ಅವರ ಸೇವಾವಧಿಯಲ್ಲೇ ಇಲ್ಲವಾಯಿತು.

ಗುಲಬರ್ಗಾ ಮತ್ತು ಬೀದರ್ ಜಿಲ್ಲೆಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಇಂದಿನ ಯಾದಗಿರಿ ಆಗ ಗುಲಬರ್ಗಾ ಜಿಲ್ಲೆಯ ಭಾಗವಾಗಿತ್ತು. 1860ರ ದಶಕದಲ್ಲಿ ದಿವಾನ ಸಾಲಾರ್ ಜಂಗ್ ಜಿಲ್ಲೆಗಳನ್ನು ರಚಿಸಿದಾಗ ಆಡಳಿತದ ಉಳಿದ ಅಂಗಗಳ ಜೊತೆಗೆ ಜಿಲ್ಲಾ ಪೊಲೀಸ್ ವ್ಯವಸ್ಥೆಯೂ ರೂಪುಗೊಂಡಿತು. ಜಿಲ್ಲೆಯ ಪೊಲೀಸ್ ಮುಖ್ಯಸ್ಥರಿಗೆ ಮೊಹ್ತಮಿಮ್ ಎಂದೂ ಠಾಣೆಯ ಅಧಿಕಾರಿಗೆ ಅಮೀನ್ ಎಂದೂ ಹೆಸರಿತ್ತು. ಹೈದರಾಬಾದ್ ನಗರದ ಪೊಲೀಸ್ ಮುಖ್ಯಸ್ಥರು ಕೊತ್ವಾಲರು. 1920ರಿಂದ ಆ ಹುದ್ದೆಯಲ್ಲಿದ್ದ ವೆಂಕಟರಾಮ ರೆಡ್ಡಿಯವರಿಗೆ ನಿಜಾಮರು ರಾಜಾ ಬಹಾದ್ದೂರ್ ಬಿರುದು ಕೊಟ್ಟಿದ್ದರು. ಸಂಸ್ಥಾನದಲ್ಲಿ ಪೊಲೀಸ್ ಅಧಿಕಾರಿಗೆ ಸಲ್ಲುತ್ತಿದ್ದ ದೊಡ್ಡ ಗೌರವವೆಂದರೆ ಅಂಥ ಬಿರುದು, ಆದರೆ ಜವಾನನ ಮಟ್ಟಕ್ಕೆ ಅದು ಇಳಿಯುತ್ತಿರಲಿಲ್ಲ. ಸರ್ಕಾರದ ಭಾಷೆ ಉರ್ದುವಾಗಿದ್ದುದರಿಂದ ನಿಮ್ಮ ಬಿಲ್ಲೆಯ ಮೇಲೆ ಉರ್ದು ಇರುವುದು ಸಹಜ.

1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಕೊನೆಗೊಂಡಿತು. 1950ರ ಜನವರಿ 26ರಿಂದ ಅಶೋಕ ಸ್ತಂಭದ ಸಿಂಹಗಳು ರಾಷ್ಟ್ರ ಲಾಂಛನವಾದವು. 1956ರ ನವೆಂಬರ್ 1ರಂದು ಈ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ರಾಜ್ಯ ಲಾಂಛನ ಗಂಡಭೇರುಂಡವಾಯಿತು. 1973ರ ನವೆಂಬರ್ 1ರಂದು ಲಾಂಛನ ಹಾಗೆಯೇ ಉಳಿದು ರಾಜ್ಯದ ಹೆಸರು ಕರ್ನಾಟಕವಾಯಿತು. ಹಳೆ ಮೈಸೂರಿನ ಪೊಲೀಸ್ ಕುಟುಂಬಕ್ಕೆ ಗಂಡಭೇರುಂಡ ತಲೆಮಾರುಗಳಿಂದ ಪರಿಚಿತವಾಗಿತ್ತು, ಆದರೆ 1940ರ ಸುಮಾರಿಗೆ ಸೇರಿದ ಗುಲಬರ್ಗಾದ ಒಬ್ಬ ಜವಾನ ವರ್ಗವಾಗಿ ಬೇರೆ ಊರಿಗೆ ಹೋಗದೆಯೇ, ಅದೇ ಠಾಣೆಯ ಅದೇ ಬೀಟಿನಲ್ಲಿ ನಿಂತು, ಮೂರು ಸರ್ಕಾರಗಳ ಗುರುತನ್ನು ಧರಿಸಿದ. ನಮ್ಮ ಭಾಗದ ಪೊಲೀಸ್ ಬಿಲ್ಲೆಗಳಿಗೆ ಕರ್ನಾಟಕದ ಬೇರೆ ಕಡೆಯವಕ್ಕಿಲ್ಲದ ಮಹತ್ವ ಬರುವುದು ಇದರಿಂದ.

ಗುರುತು ಬದಲಾದಷ್ಟು ಬೇಗ ಕಾನೂನು ಬದಲಾಗಲಿಲ್ಲ ಎಂಬುದನ್ನೂ ಹೇಳಬೇಕು. ನಿಜಾಮರ ಆಡಳಿತದಲ್ಲಿ ಬಳಕೆಯಲ್ಲಿದ್ದ ಫಸಲಿ ಎಂಬ ವರ್ಷಗಣನೆಯ 1329ರ ಹೈದರಾಬಾದ್ ಜಿಲ್ಲಾ ಪೊಲೀಸ್ ಕಾಯ್ದೆ ಈ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ ನಂತರವೂ ಇಲ್ಲಿ ಜಾರಿಯಲ್ಲಿತ್ತು. ಇಡೀ ರಾಜ್ಯಕ್ಕೆ ಒಂದೇ ಪೊಲೀಸ್ ಕಾಯ್ದೆ ಬಂದದ್ದು 1963ರ ಕರ್ನಾಟಕ ಪೊಲೀಸ್ ಕಾಯ್ದೆ (ಆಗಿನ ಹೆಸರು ಮೈಸೂರು ಪೊಲೀಸ್ ಕಾಯ್ದೆ) 1965ರ ಏಪ್ರಿಲ್ 2ರಂದು ಜಾರಿಯಾದಾಗ. ಪ್ರತಿ ವರ್ಷ ಏಪ್ರಿಲ್ 2ರಂದು ಪೊಲೀಸ್ ಧ್ವಜ ದಿನ ಆಚರಿಸುವುದು ಅದರ ನೆನಪಿಗಾಗಿಯೇ. ಅಲ್ಲಿಯವರೆಗೆ ಗಂಡಭೇರುಂಡ ಧರಿಸಿದ ಗುಲಬರ್ಗಾದ ಪೊಲೀಸರು ನಿಜಾಮರ ಕಾಲದ ಕಾನೂನಿನಡಿ ಕೆಲಸ ಮಾಡಿದರು.

ಬಿಲ್ಲೆಯ ಮೇಲಿನ ಬರಹವನ್ನು ಉರ್ದು ಬಲ್ಲ ಹಿರಿಯರೊಬ್ಬರಿಂದ ಓದಿಸಿರಿ. ಕಲಬುರಗಿಯಲ್ಲಿ ಅಂಥವರಿಗೆ ಕೊರತೆಯಿಲ್ಲ. ಅಕ್ಷರಗಳನ್ನು ಬಲದಿಂದ ಎಡಕ್ಕೆ ಓದಿದರೂ ಅಂಕಿಗಳನ್ನು ಎಡದಿಂದ ಬಲಕ್ಕೇ ಓದಬೇಕು, ಇಲ್ಲವಾದರೆ ಸಂಖ್ಯೆ ತಲೆಕೆಳಗಾಗುತ್ತದೆ. ಮೂರಂಕಿಯ ಸಂಖ್ಯೆಯಿದ್ದರೆ ಅದು ಬಹುತೇಕ ಜವಾನರ ಕ್ರಮಸಂಖ್ಯೆ. 13ರಿಂದ ಆರಂಭವಾಗುವ ನಾಲ್ಕಂಕಿಯಿದ್ದರೆ ಅದು ಫಸಲಿ ವರ್ಷವಾಗಿರಬಹುದು. ಅದಕ್ಕೆ 590 ಅಥವಾ 591 ಸೇರಿಸಿದರೆ ಕ್ರಿಸ್ತಶಕ ಸಿಗುತ್ತದೆ. ಮೇಲೆ ಹೇಳಿದ ಫಸಲಿ 1329ರ ಕಾಯ್ದೆ 1919-20ರದು ಎಂದು ತಿಳಿಯುವುದು ಈ ಲೆಕ್ಕದಿಂದಲೇ. ಬಿಲ್ಲೆಯ ಹಿಂಬದಿಯಲ್ಲಿ ಕೊಂಡಿಗಳು ಅಥವಾ ಪಟ್ಟಿ ತೂರಿಸುವ ಬಳೆಗಳಿವೆಯೇ ನೋಡಿರಿ. ಬೆಲ್ಟಿನದೋ, ರುಮಾಲಿನದೋ, ಎದೆಯದೋ ಎಂಬುದನ್ನು ತಿಳಿಸುವುದು ಮುಂಬದಿಗಿಂತ ಹಿಂಬದಿಯೇ.

ಹಿಂತಿರುಗಿಸುವ ಪ್ರಶ್ನೆಗೆ ನಮ್ಮ ಅಭಿಪ್ರಾಯ ಹೀಗಿದೆ. ಒಪ್ಪಿಸುವ ಹೊಣೆ ಬಿಲ್ಲೆ ಧರಿಸಿದವರ ಮೇಲೆ, ಅವರು ಕೆಲಸ ಬಿಟ್ಟ ದಿನಕ್ಕೆ ಇದ್ದದ್ದು. ಇಷ್ಟು ವರ್ಷಗಳಾದ ಮೇಲೆ ಇಲ್ಲವಾದ ಸರ್ಕಾರವೊಂದರ ಬಿಲ್ಲೆಯನ್ನು ಮೊಮ್ಮಕ್ಕಳಿಂದ ಯಾರೂ ಕೇಳಲಾರರು. ಆದರೆ ಅದನ್ನು ಮಾರಬೇಡಿರಿ. ನೂರು ವರ್ಷ ಮೀರಿದ ಇಂಥ ವಸ್ತುಗಳು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ಅವನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಮನೆಯಲ್ಲಿ ಕಾಪಾಡುವವರು ಇಲ್ಲವೆಂದಾದರೆ ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕೊಡುವುದು ಉತ್ತಮ. ಅಲ್ಲಿ ಶಾಸನ, ಶಿಲ್ಪಗಳಿಗೆ ಇರುವ ಸ್ಥಾನ ಊರಿನ ಪೊಲೀಸರ ಬಿಲ್ಲೆಗಳಿಗೂ ಒಂದು ಕಪಾಟಿನ ಮಟ್ಟಿಗಾದರೂ ಸಿಗಬೇಕು. ಕಲಬುರಗಿ ನಗರಕ್ಕೆ ಪ್ರತ್ಯೇಕ ಪೊಲೀಸ್ ಕಮಿಷನರೇಟ್ ಬಂದು ಕೆಲವೇ ವರ್ಷಗಳಾಗಿವೆ. ಹೊಸ ಕಚೇರಿಯೊಂದು ತನ್ನ ಊರಿನ ಹಳೆಯ ಪೊಲೀಸರ ಗುರುತುಗಳನ್ನು ಕೂಡಿಡಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ ಎಂದು ನಾವು ದೃಢವಾಗಿ ನಂಬುತ್ತೇವೆ.

ಇನ್ನು ಪದಕ. ಸಿಂಹಗಳ ಲಾಂಛನವಿರುವುದರಿಂದ ಅದು ಬ್ರಿಟಿಷರ ಕಾಲದ್ದಲ್ಲ. 1909ರಲ್ಲಿ ಆರಂಭವಾದ ಕಿಂಗ್ಸ್ ಪೊಲೀಸ್ ಮೆಡಲ್ ಮತ್ತು 1932ರ ಇಂಡಿಯನ್ ಪೊಲೀಸ್ ಮೆಡಲ್ ಎರಡರಲ್ಲೂ ದೊರೆಯ ಮುಖವಿರುತ್ತಿತ್ತು. ಲೋಹ ಕಂಚು ಎಂದು ಬರೆದಿದ್ದೀರಿ. ಹಾಗಾದರೆ ಅದು 1951ರಲ್ಲಿ ಸ್ಥಾಪನೆಯಾದ ಭಾರತ ಸರ್ಕಾರದ ಪೊಲೀಸ್ ಪದಕವಾಗಿರುವ ಸಾಧ್ಯತೆ ಹೆಚ್ಚು. ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿರಿ. ನಡುವೆ ಕಡುಗೆಂಪು, ಅದರ ಎರಡೂ ಬದಿಗೆ ಗಾಢ ನೀಲಿ, ಅಂಚಿಗೆ ಬೆಳ್ಳಿ ಬಣ್ಣ ಇದ್ದರೆ ಅದು ಶ್ಲಾಘನೀಯ ಸೇವೆಗೆ ಕೊಟ್ಟದ್ದು. ಎರಡೂ ನೀಲಿ ಪಟ್ಟೆಗಳ ನಡುವೆ ಒಂದೊಂದು ತೆಳುವಾದ ಬೆಳ್ಳಿ ಗೆರೆ ಹಾದುಹೋಗಿದ್ದರೆ ಅದು ಶೌರ್ಯಕ್ಕೆ ಕೊಟ್ಟದ್ದು. ಹಳೆಯ ಪಟ್ಟಿಯಲ್ಲಿ ಬೆಳ್ಳಿ ಬಣ್ಣ ಮಾಸಿ ಹಳದಿ ತಿರುಗಿರುತ್ತದೆ, ಆದ್ದರಿಂದ ಅವಸರದಲ್ಲಿ ನೋಡಿದರೆ ಆ ಗೆರೆ ಕಣ್ಣಿಗೆ ಬೀಳುವುದಿಲ್ಲ. ಬಳಿಕ ಪದಕದ ಅಂಚನ್ನು ಭೂತಗನ್ನಡಿಯಲ್ಲಿ ಸುತ್ತಲೂ ಪರೀಕ್ಷಿಸಿರಿ. ಪಡೆದವರ ಹೆಸರನ್ನು ಕೆತ್ತುವುದು ಅಲ್ಲಿ.

ಈ ಕಾರಣಕ್ಕಾಗಿಯೇ ಅದನ್ನು ತಿಕ್ಕಿಸಬಾರದು. ಹುಣಸೆಹಣ್ಣು, ಬೂದಿ, ಅಂಗಡಿಯಲ್ಲಿ ಸಿಗುವ ಪಾಲಿಶ್ ಯಾವುದೂ ಬೇಡ, ಏಕೆಂದರೆ ಹೊಳಪಿನ ಜೊತೆಗೆ ಅಂಚಿನ ಕೆತ್ತನೆಯೂ ಸವೆದುಹೋಗುತ್ತದೆ. ಒಣ ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸಿ, ಪಟ್ಟಿಯನ್ನು ಬಿಸಿಲಿನಿಂದ ದೂರವಿಟ್ಟರೆ ಸಾಕು. ಪದಕಕ್ಕಿಂತ ಮುಖ್ಯವಾದದ್ದು ಅದರ ಕಾಗದ. ಕೇಂದ್ರದ ಪೊಲೀಸ್ ಪದಕಗಳ ಪಟ್ಟಿ ಜನವರಿ 26 ಮತ್ತು ಆಗಸ್ಟ್ 15ರ ಸಂದರ್ಭದಲ್ಲಿ ಪ್ರಕಟವಾಗಿ ಭಾರತ ಸರ್ಕಾರದ ರಾಜಪತ್ರದಲ್ಲಿ ಸೇರುತ್ತದೆ. ಶೌರ್ಯ ಪದಕವಾದರೆ ಏಕೆ ಕೊಟ್ಟರೆಂಬ ವಿವರವೂ ಅಲ್ಲಿರುತ್ತದೆ. ನಿಜಾಮರ ಕಾಲದ ಸೇವಾ ದಾಖಲೆಗಳನ್ನು ಹುಡುಕುವುದಾದರೆ ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಜ್ಯ ಪತ್ರಾಗಾರದಿಂದ ಆರಂಭಿಸಿರಿ. ಸೇವಾ ಪುಸ್ತಕದ ಪ್ರತಿ, ಪಿಂಚಣಿ ಆದೇಶ, ಹಳೆಯ ಫೋಟೊ ಯಾವುದಿದ್ದರೂ ಪದಕದ ಜೊತೆಗೇ ಒಂದೇ ಪೆಟ್ಟಿಗೆಯಲ್ಲಿಡಿರಿ. ಕಾಗದದಿಂದ ಬೇರೆಯಾದ ಪದಕ ಯಾರದು, ಯಾವ ಕೆಲಸಕ್ಕೆ ಬಂದದ್ದು ಎಂದು ಎರಡು ತಲೆಮಾರಿನ ನಂತರ ಮನೆಯವರಿಗೂ ತಿಳಿಯದಂತಾಗುತ್ತದೆ.

ಪ್ರಶ್ನೆ: ರಾಷ್ಟ್ರಪತಿ ಪದಕ, ಮುಖ್ಯಮಂತ್ರಿ ಪದಕ, ಗೃಹಮಂತ್ರಿ ಪದಕ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಇವುಗಳಲ್ಲಿ ಯಾವುದು ದೊಡ್ಡದು? ಈಚೆಗೆ ಹೆಸರುಗಳು ಬದಲಾಗಿವೆ ಎನ್ನುತ್ತಾರೆ, ನಿಜವೇ? (ಹುಮನಾಬಾದ್, ಬೀದರ್ ಜಿಲ್ಲೆ)

ಉತ್ತರ: ನಿಜ. ಪೊಲೀಸ್, ಅಗ್ನಿಶಾಮಕ, ಗೃಹರಕ್ಷಕ ಮತ್ತು ಪೌರರಕ್ಷಣೆ, ಕಾರಾಗೃಹ ಸೇವೆಗಳಿಗೆ ಬೇರೆ ಬೇರೆಯಾಗಿದ್ದ 16 ಪದಕಗಳನ್ನು ಕೇಂದ್ರ ಸರ್ಕಾರ ಒಟ್ಟುಗೂಡಿಸಿ ನಾಲ್ಕಕ್ಕೆ ಇಳಿಸಿತು. 2024ರ ಗಣರಾಜ್ಯೋತ್ಸವದ ಪಟ್ಟಿಯಿಂದ ಹೊಸ ಹೆಸರುಗಳು ಬಳಕೆಗೆ ಬಂದವು. ಅವು ರಾಷ್ಟ್ರಪತಿಗಳ ಶೌರ್ಯ ಪದಕ, ಶೌರ್ಯ ಪದಕ, ರಾಷ್ಟ್ರಪತಿಗಳ ವಿಶಿಷ್ಟ ಸೇವಾ ಪದಕ ಮತ್ತು ಶ್ಲಾಘನೀಯ ಸೇವಾ ಪದಕ. ಹೆಸರಿನಲ್ಲಿ ಪೊಲೀಸ್ ಎಂಬ ಮಾತು ಈಗ ಇಲ್ಲದಿದ್ದರೂ ಪರಂಪರೆ 1951ರ ಪದಕಗಳದ್ದೇ. ಗೃಹಮಂತ್ರಿಗಳ ಪದಕವೂ ಬದಲಾಗಿದೆ: ತನಿಖೆಯಲ್ಲಿನ ಉತ್ಕೃಷ್ಟತೆಗಾಗಿ 2018ರಿಂದ ಕೊಡುತ್ತಿದ್ದ ಪದಕವೂ ಸೇರಿದಂತೆ ಕೆಲವನ್ನು ಒಂದುಗೂಡಿಸಿ ಕೇಂದ್ರೀಯ ಗೃಹಮಂತ್ರಿ ದಕ್ಷತಾ ಪದಕ ಎಂದು ಮಾಡಲಾಗಿದೆ. ವಿಶೇಷ ಕಾರ್ಯಾಚರಣೆ, ತನಿಖೆ, ಗುಪ್ತಚರ ಕೆಲಸ, ವಿಧಿವಿಜ್ಞಾನ ಎಂಬ ನಾಲ್ಕು ಕ್ಷೇತ್ರಗಳಿಗೆ ಅದು ಸಲ್ಲುತ್ತದೆ, ಸರ್ದಾರ್ ಪಟೇಲರ ಜನ್ಮದಿನವಾದ ಅಕ್ಟೋಬರ್ 31ರಂದು ಪ್ರಕಟವಾಗುತ್ತದೆ.

ಮುಖ್ಯಮಂತ್ರಿಗಳ ಪದಕ ರಾಜ್ಯದ್ದು; ಏಪ್ರಿಲ್ 2ರ ಧ್ವಜ ದಿನದ ಸಮಾರಂಭದಲ್ಲಿ ಕೊಡುವ ವಾಡಿಕೆ. ಸಮವಸ್ತ್ರದ ಮೇಲೆ ಧರಿಸುವ ಕ್ರಮದಲ್ಲಿ ಕೇಂದ್ರದ ಶೌರ್ಯ ಪದಕಗಳು ಮುಂದೆ, ರಾಜ್ಯದವು ಹಿಂದೆ. ಆದರೆ ದೊಡ್ಡದು ಚಿಕ್ಕದು ಎಂಬ ಲೆಕ್ಕಕ್ಕಿಂತ ಶೌರ್ಯಕ್ಕೆ ಬಂದದ್ದೋ ಸೇವೆಗೆ ಬಂದದ್ದೋ ಎಂಬುದನ್ನು ಮೊದಲು ಕೇಳಬೇಕು. ಸೇವಾ ಪದಕಕ್ಕೆ ದೀರ್ಘಕಾಲದ ಕಳಂಕವಿಲ್ಲದ ದಾಖಲೆ ಬೇಕು, ಹಾಗಾಗಿ ಅದು ಅನುಭವಿಗಳಿಗೆ ಬರುತ್ತದೆ. ಶೌರ್ಯ ಪದಕಕ್ಕೆ ಸೇವೆಯ ವರ್ಷಗಳ ಲೆಕ್ಕವಿಲ್ಲ, ಹುದ್ದೆಯ ಅಡ್ಡಿಯಿಲ್ಲ. ಮರಣೋತ್ತರವಾಗಿಯೂ ಕೊಡುತ್ತಾರೆ, ಅದರ ಜೊತೆಗೆ ಬರುವ ಮಾಸಿಕ ಭತ್ಯೆ ಪಡೆದವರ ನಂತರ ಪತ್ನಿಗೆ ಮುಂದುವರಿಯುತ್ತದೆ. ಇವೆಲ್ಲಕ್ಕೂ ಮೇಲಿರುವ ಅಶೋಕ ಚಕ್ರ ಕೂಡ ಪೊಲೀಸರಿಗೆ ಸಲ್ಲಬಹುದು. 2008ರ ನವೆಂಬರಿನಲ್ಲಿ ಮುಂಬೈಯಲ್ಲಿ ಲಾಠಿ ಹಿಡಿದು ನಿಂತು, ಬಂದೂಕನ್ನು ಬರಿಗೈಯಲ್ಲಿ ಬಿಗಿದು ಹಿಡಿದು ಉಗ್ರನನ್ನು ಜೀವಂತ ಸೆರೆಹಿಡಿಯುವಂತೆ ಮಾಡಿ ಪ್ರಾಣ ಕೊಟ್ಟ ಸಹಾಯಕ ಸಬ್ ಇನ್ಸ್‌ಪೆಕ್ಟರ್ ತುಕಾರಾಮ ಓಂಬಳೆ ಅವರಿಗೆ 2009ರಲ್ಲಿ ಅದು ಸಂದಿತು.

ಪ್ರಶ್ನೆ: ಭುಜದ ಮೇಲಿನ ನಕ್ಷತ್ರಗಳನ್ನು ನೋಡಿ ಅಧಿಕಾರಿಯ ಹುದ್ದೆ ಗುರುತಿಸುವುದು ಹೇಗೆ? ಇನ್ಸ್‌ಪೆಕ್ಟರಿಗೂ ಮೂರು ನಕ್ಷತ್ರ, ಡಿವೈಎಸ್‌ಪಿಗೂ ಮೂರು ನಕ್ಷತ್ರ ಕಾಣುತ್ತವಲ್ಲ? (ವಿದ್ಯಾರ್ಥಿ, ಶಹಾಪುರ, ಯಾದಗಿರಿ ಜಿಲ್ಲೆ)

ಉತ್ತರ: ನಕ್ಷತ್ರದ ಜೊತೆಗೆ ಭುಜಪಟ್ಟಿಯ ತುದಿಯಲ್ಲಿ ಕೆಂಪು ಮತ್ತು ನೀಲಿ ಬಣ್ಣದ ಪಟ್ಟಿಯಿದೆಯೇ ನೋಡು. ಸಹಾಯಕ ಸಬ್ ಇನ್ಸ್‌ಪೆಕ್ಟರಿಗೆ ಒಂದು, ಸಬ್ ಇನ್ಸ್‌ಪೆಕ್ಟರಿಗೆ ಎರಡು, ಇನ್ಸ್‌ಪೆಕ್ಟರಿಗೆ ಮೂರು ನಕ್ಷತ್ರಗಳು, ಮೂವರಿಗೂ ಆ ಪಟ್ಟಿ ಇರುತ್ತದೆ. ಡಿವೈಎಸ್‌ಪಿಗೆ ಮೂರು ನಕ್ಷತ್ರ ಮಾತ್ರ, ಪಟ್ಟಿ ಇಲ್ಲ. ಕಮಿಷನರೇಟ್ ಇರುವ ನಗರದಲ್ಲಿ ಅದೇ ದರ್ಜೆಯವರನ್ನು ಎಸಿಪಿ ಎನ್ನುತ್ತಾರೆ. ಹೆಚ್ಚುವರಿ ಎಸ್‌ಪಿ ದರ್ಜೆಯಿಂದ ರಾಷ್ಟ್ರ ಲಾಂಛನ ಸೇರುತ್ತದೆ. ಡಿಐಜಿಗೆ ಲಾಂಛನದ ಜೊತೆ ಮೂರು ನಕ್ಷತ್ರ, ಐಜಿಪಿಯಿಂದ ಮೇಲಕ್ಕೆ ಅಡ್ಡಲಾಗಿರಿಸಿದ ಕತ್ತಿ ಮತ್ತು ದಂಡ. ಹೆಡ್ ಕಾನ್‌ಸ್ಟೆಬಲ್‌ಗಳಿಗೆ ತೋಳಿನ ಮೇಲೆ ಮೂರು ಗೆರೆಗಳ ಪಟ್ಟೆ. ಕಾನ್‌ಸ್ಟೆಬಲ್‌ಗಳು ಬಹುಕಾಲ ಧರಿಸಿದ್ದ, ಒಂದು ಬದಿಗೆ ಅಂಚು ಮಡಿಸಿದ ಟೋಪಿಯ ಜಾಗಕ್ಕೆ 2025ರಲ್ಲಿ ಗಾಢ ನೀಲಿ ಬಣ್ಣದ ಪೀಕ್ ಕ್ಯಾಪ್ ಬಂದಿದೆ, ಅದರಿಂದ ನಿನಗೆ ಗೊಂದಲವಾಗಬೇಕಿಲ್ಲ.

ಪ್ರಶ್ನೆ: ನನ್ನ ಮಗಳು ಪೊಲೀಸ್ ಕಾನ್‌ಸ್ಟೆಬಲ್. ಕಳೆದುಹೋಗಿದ್ದ ಮಗುವೊಂದನ್ನು ಪತ್ತೆಹಚ್ಚಿದ್ದಕ್ಕೆ ಅವಳಿಗೆ ಒಂದು ಪ್ರಶಂಸನಾ ಪತ್ರ ಮತ್ತು ಸ್ವಲ್ಪ ನಗದು ಬಹುಮಾನ ಬಂತು. ಇದರಿಂದ ಮುಂದೆ ಏನಾದರೂ ಉಪಯೋಗವಿದೆಯೇ, ಅಥವಾ ಗೋಡೆಗೆ ತೂಗುಹಾಕಲು ಮಾತ್ರವೇ? (ಶಹಾಬಜಾರ, ಕಲಬುರಗಿ)

ಉತ್ತರ: ತಾಯಿ, ಖಂಡಿತ ಉಪಯೋಗವಿದೆ, ಆದರೆ ಒಂದು ಕೆಲಸ ತಪ್ಪದೆ ಆಗಬೇಕು: ಅದು ಅವರ ಸೇವಾ ಪುಸ್ತಕದಲ್ಲಿ ದಾಖಲಾಗಬೇಕು. ಇಲಾಖೆಯಲ್ಲಿ ಇದನ್ನು ಜಿಎಸ್‌ಇ, ಅಂದರೆ ಉತ್ತಮ ಸೇವೆಯ ನಮೂದು ಎನ್ನುತ್ತಾರೆ. ಮುಂದೆ ರಾಜ್ಯದ ಪೊಲೀಸ್ ಮುಖ್ಯಸ್ಥರಾದ ಡಿಜಿ ಮತ್ತು ಐಜಿಪಿಯವರ ಪ್ರಶಂಸನಾ ಪದಕಕ್ಕೋ ಮುಖ್ಯಮಂತ್ರಿಗಳ ಪದಕಕ್ಕೋ ಹೆಸರು ಶಿಫಾರಸಾಗುವಾಗ ಮೇಲಧಿಕಾರಿಗಳು ತೆರೆದು ನೋಡುವುದು ಸೇವಾ ಪುಸ್ತಕದ ಆ ಪುಟಗಳನ್ನೇ. ಬಹುಮಾನಗಳು ಎಷ್ಟು, ದಂಡನೆಗಳು ಎಷ್ಟು ಎಂಬುದು ಅಲ್ಲಿಂದಲೇ ಲೆಕ್ಕಕ್ಕೆ ಬರುತ್ತದೆ. ಠಾಣೆಯಿಂದ ಹೊರಟ ಹೆಸರು ಎಸ್‌ಪಿ ಅಥವಾ ಕಮಿಷನರ್ ಕಚೇರಿ, ಅಲ್ಲಿಂದ ಪೊಲೀಸ್ ಪ್ರಧಾನ ಕಚೇರಿ, ಕೇಂದ್ರದ ಪದಕವಾದರೆ ರಾಜ್ಯ ಸರ್ಕಾರದ ಮೂಲಕ ಕೇಂದ್ರ ಗೃಹ ಸಚಿವಾಲಯ, ಹೀಗೆ ಒಂದೊಂದು ಮೆಟ್ಟಿಲು ದಾಟಬೇಕು, ಪ್ರತಿ ಮೆಟ್ಟಿಲಿನಲ್ಲೂ ಕಾಗದವೇ ಮಾತಾಡುತ್ತದೆ. ಪ್ರಶಂಸನಾ ಪತ್ರದ ಮೂಲ ಪ್ರತಿಯನ್ನು ಜೋಪಾನ ಮಾಡಿ, ಆದೇಶದ ಸಂಖ್ಯೆ ಮತ್ತು ದಿನಾಂಕ ಸೇವಾ ಪುಸ್ತಕದಲ್ಲಿ ಸರಿಯಾಗಿ ಬಂದಿದೆಯೇ ಎಂದು ನೋಡಿಕೊಳ್ಳುವಂತೆ ಮಗಳಿಗೆ ಹೇಳಿರಿ. ವರ್ಗಾವಣೆಯಾದಾಗ ಇದನ್ನು ಮರೆಯುವವರು ಬಹಳ.

ಕಾನ್‌ಸ್ಟೆಬಲ್‌ಗಳ ಕೆಲಸ ಪದಕ ಪಡೆದವರ ಪಟ್ಟಿಗಳಲ್ಲಿ ಇನ್ನೂ ಹೆಚ್ಚಾಗಿ ಕಾಣಬೇಕೆಂಬುದು ನಮ್ಮ ಮನಸ್ಸಿನಲ್ಲಿರುವ ಮಾತು. ಕಳೆದುಹೋದ ಮಗು ಸಿಗುವುದು ಬಸ್ ನಿಲ್ದಾಣದಲ್ಲಿ, ರೈಲ್ವೆ ಸ್ಟೇಷನ್ನಿನಲ್ಲಿ, ಜಾತ್ರೆಯ ಗದ್ದಲದಲ್ಲಿ ಗಂಟೆಗಟ್ಟಲೆ ನಡೆದು ಒಬ್ಬೊಬ್ಬರನ್ನೇ ಕೇಳಿದವರಿಂದ, ಅವರು ಹೆಚ್ಚಾಗಿ ಕೆಳಹಂತದ ಸಿಬ್ಬಂದಿ. ಸಾರ್ವಜನಿಕರೂ ಇದರಲ್ಲಿ ಪಾಲು ತೆಗೆದುಕೊಳ್ಳಬಹುದು. ಪೊಲೀಸರಿಂದ ನಿಜವಾಗಿ ನೆರವಾದಾಗ, ದಿನಾಂಕ, ಠಾಣೆ, ಸಿಬ್ಬಂದಿಯ ಎದೆಯ ಮೇಲಿನ ಹೆಸರು ಅಥವಾ ಪಿಸಿ ನಂಬರ್ ಬರೆದು ಕಮಿಷನರ್ ಅಥವಾ ಎಸ್‌ಪಿ ಕಚೇರಿಗೆ ಒಂದು ಪುಟದ ಪತ್ರ ಕೊಡಿರಿ. ದೂರು ಬರೆಯಲು ನಾವು ತೋರುವ ಉತ್ಸಾಹದ ಒಂದಂಶ ಇದಕ್ಕೂ ಇದ್ದರೆ, ಎಷ್ಟೋ ಸೇವಾ ಪುಸ್ತಕಗಳಲ್ಲಿ ಒಂದು ಸಾಲು ಹೆಚ್ಚು ಸೇರುತ್ತಿತ್ತು.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳು ನಾಟಕದಲ್ಲಿ ಪೊಲೀಸ್ ವೇಷ ಹಾಕಲಿದ್ದಾರೆ. ಬಾಡಿಗೆಗೆ ತಂದ ಉಡುಪಿನಲ್ಲಿ ನಕ್ಷತ್ರ, ಬಿಲ್ಲೆ, ಪದಕದ ಪಟ್ಟಿಗಳೆಲ್ಲ ಇವೆ. ಇದು ಅಪರಾಧವಾಗುತ್ತದೆಯೇ? (ಶಿಕ್ಷಕರು, ಯಾದಗಿರಿ)

ಉತ್ತರ: ನಾಟಕದಲ್ಲಿ ಅಪರಾಧವಾಗುವುದಿಲ್ಲ. ಸರ್ಕಾರಿ ನೌಕರನೆಂದು ನಂಬಿಸುವ ಉದ್ದೇಶದಿಂದ ಅವರ ಉಡುಪು ಅಥವಾ ಗುರುತು ಧರಿಸುವುದು ತಪ್ಪು. ಉದ್ದೇಶ ಇಲ್ಲಿ ಮುಖ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 205ನೇ ಕಲಮಿನಂತೆ ಅದಕ್ಕೆ 3 ತಿಂಗಳವರೆಗೆ ಸೆರೆವಾಸ, ಅಥವಾ 5000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹಳೆಯ ದಂಡ ಸಂಹಿತೆಯ 171ನೇ ಕಲಮಿನಲ್ಲಿ ದಂಡದ ಮಿತಿ 200 ರೂಪಾಯಿ ಮಾತ್ರ ಇತ್ತು. ಉಡುಪು ಹಾಕಿಕೊಂಡು ಅಧಿಕಾರಿಯಂತೆ ನಟಿಸಿ ಕೆಲಸ ಸಾಧಿಸಲು ಹೊರಟರೆ 204ನೇ ಕಲಮಿನಡಿ ಶಿಕ್ಷೆ 6 ತಿಂಗಳಿಗೆ ಕಡಿಮೆಯಿಲ್ಲದೆ 3 ವರ್ಷಗಳವರೆಗೆ ಹೋಗುತ್ತದೆ.

ಆದರೂ ಎರಡು ಎಚ್ಚರಿಕೆ ಹೇಳುತ್ತೇವೆ. ವೇದಿಕೆಯಿಂದ ಇಳಿದ ಕೂಡಲೇ ದೊಡ್ಡ ಮಕ್ಕಳಿಂದ ಉಡುಪನ್ನು ಬಿಚ್ಚಿಸಿರಿ, ಅದರಲ್ಲೇ ಬೈಕ್ ಹತ್ತಿ ಬಜಾರಿಗೆ ಹೋಗಲು ಬಿಡಬೇಡಿರಿ. ನಕ್ಷತ್ರ, ಬಿಲ್ಲೆಗಳು ಪಾತ್ರಕ್ಕೆ ಬೇಕಾಗುವುದು ಸಹಜ, ಆದರೆ ಶೌರ್ಯ ಪದಕದ ಪಟ್ಟಿಗಳನ್ನು ಎದೆಯಿಂದ ತೆಗೆದಿಡಿರಿ. 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಪ್ರಾಣ ಕೊಟ್ಟ 10 ಮಂದಿ ಪೊಲೀಸರನ್ನು ನೆನೆದು ಪ್ರತಿ ಅಕ್ಟೋಬರ್ 21ರಂದು ನಮ್ಮ ಮೂರೂ ಜಿಲ್ಲೆಗಳಲ್ಲಿ ಹುತಾತ್ಮರ ದಿನ ಆಚರಿಸುತ್ತಾರೆ. ಅಲ್ಲಿಗೆ ಬರುವ ಕುಟುಂಬಗಳಿಗೆ ಆ ಪಟ್ಟಿ ವೇಷದ ಭಾಗವಲ್ಲ. ಸಾಧ್ಯವಾದರೆ ಮಕ್ಕಳನ್ನು ಆ ದಿನ ಜಿಲ್ಲಾ ಪೊಲೀಸ್ ಕವಾಯತು ಮೈದಾನಕ್ಕೆ ಕರೆದುಕೊಂಡು ಹೋಗಿರಿ, ಮುಂಚಿತವಾಗಿ ಎಸ್‌ಪಿ ಕಚೇರಿಗೆ ಒಂದು ಪತ್ರ ಬರೆದು ಅನುಮತಿ ಕೇಳಿದರೆ ಸಾಕು.